ಎಷ್ಟು ಎಲೆ ದೂರ ಕಾಶವ್ವನ ಊರು

ಹಿಂದೆ ದಾರಿ ಅಳೆಯುವುದಕ್ಕೆ ನಮ್ಮ ಕಡೆ ಒಂದು ಮಾತಿತ್ತು. ಹರ... ಹರವಿ? ಅಲ್ಲ, ಹರವಿ ಅಂದರೆ ನೀರು ತುಂಬುವ ಮಣ್ಣಿನ ಕೊಡ. ಹರಗೋದು? ಅದು ಹೊಲದ ಕೆಲಸ. ಮೂರು ಮೈಲಿ ಕೂಡಿದರೆ ಒಂದು ಅದು. ನಾಲಿಗೆ ತುದಿಯಲ್ಲೇ ಇದೆ, ಹೊರಗೆ ಬರುತ್ತಿಲ್ಲ. ಈ ಊರಿಗೆ ಬಂದು ನಲವತ್ತು ವರ್ಷವಾಯಿತು, ಇಲ್ಲಿ ಆ ಮಾತು ಆಡುವವರು ಯಾರೂ ಇಲ್ಲ. ಇರಲಿ ಬಿಡು ಮಗಾ, ಕತೆ ಹೇಳುತ್ತಾ ಹೇಳುತ್ತಾ ಬಂದರೂ ಬಂದೀತು.

ಅದು ದೂರದ ದಾರಿಯ ಲೆಕ್ಕ. ಹತ್ತಿರದ ದಾರಿಗೆ ಎಲೆಯ ಲೆಕ್ಕ. ಒಂದು ಸಲ ಎಲೆ ಅಡಿಕೆ ಹಾಕಿಕೊಂಡು, ಜಗಿದು, ಉಗುಳುವಷ್ಟರಲ್ಲಿ ಎಷ್ಟು ನಡೆಯುತ್ತೀಯೋ ಅದು ಒಂದು ಎಲೆ ದೂರ. ಆ ಊರು ಎರಡು ಎಲೆ, ಈ ಊರು ನಾಲ್ಕು ಎಲೆ, ಹೀಗೆ. ಎಲ್ಲರಿಗೂ ಅದು ತಿಳಿಯುತ್ತಿತ್ತು. ನೀಲವ್ವನ ಮಗ ಗದಿಗೆಪ್ಪನಿಗೆ ಮಾತ್ರ ತಿಳಿಯಲಿಲ್ಲ.

ಗದಿಗೆಪ್ಪ ಎಂಥವನು ಅಂದರೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಾಗಿಲು ನೋಡಿಕೋ ಅಂದರೆ ಸಂಜೆಯ ತನಕ ಬಾಗಿಲನ್ನೇ ನೋಡುತ್ತಾ ಕೂರುವವನು. ಆಡು ಒಳಗೆ ಹೋಗಿ ಜೋಳ ತಿಂದರೂ ಬಾಗಿಲಿನಿಂದ ಕಣ್ಣು ತೆಗೆಯುವವನಲ್ಲ. ನೀಲವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಗದಿಗೆಪ್ಪನಿಗೆ ಒಬ್ಬಳು ಅಕ್ಕ, ಕಾಶವ್ವ. ಅವಳನ್ನು ಕೊಟ್ಟದ್ದು ರಾಚಪ್ಪನಿಗೆ. ರಾಚಪ್ಪ ಚಹಾ ಕಾರ್ಖಾನೆಯ ಯಂತ್ರ ರಿಪೇರಿ ಮಾಡುವವನು, ದೇಶದ ಮೂಡಣ ತುದಿಯಲ್ಲಿ, ದಿಬ್ರುಗಡದ ಹತ್ತಿರ. ಕಾಶವ್ವನಿಗೆ ಈಗ ಏಳು ತಿಂಗಳು. ಏಳು ತಿಂಗಳಿಗೆ ಕುಬಸ ಮಾಡಬೇಕಲ್ಲ, ಬಸುರಿಗೆ ಉಡಿ ತುಂಬುವ ಶಾಸ್ತ್ರ. ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ, ಉಡಿಗೆ ಅಕ್ಕಿ. ಮೊದಲ ಉಡಿ ತವರಿನ ಕೈಯಿಂದಲೇ ಬೀಳಬೇಕು. ತವರಿನವರು ತುಂಬುವ ತನಕ ಬೇರೆ ಯಾರೂ ತುಂಬುವ ಹಾಗಿಲ್ಲ. ಅವಳು ಇಲ್ಲಿಗೆ ಬರಲಿ ಅಂದರೆ, ಅಷ್ಟು ದೂರ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರು. ನೀಲವ್ವನೇ ಹೊರಟಿದ್ದಳು, ಟಿಕೆಟ್ಟೂ ಆಗಬೇಕಿತ್ತು. ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು, ಕಾಲಿಗೆ ಪಟ್ಟಿ ಬಿತ್ತು. ಮನೆಯಲ್ಲಿ ಉಳಿದದ್ದು ಗದಿಗೆಪ್ಪ.

ಊರಿನ ಶಾಲೆಯ ಮಾಸ್ತರರು ಅಂದರು, "ನೀಲವ್ವ, ಆ ಹುಡುಗನ್ನ ಕಳಸ್ತೀಯಾ? ಅಂವ ಹುಬ್ಬಳ್ಳೀನೂ ಸರಿಯಾಗಿ ನೋಡಿಲ್ಲ."

"ಮತ್ತ್ಯಾರನ್ನ ಕಳಸ್ಲಿ ಮಾಸ್ತರ? ಫೋನಿನ್ಯಾಗ ಕೇಳಿದ್ರ ಚಲೋ ಅದೀನವ್ವಾ ಅಂತಾಳ. ದಿನಾ ಅದನ್ನ ಅಂತಾಳ. ಧ್ವನಿ ಸಣ್ಣ ಆಗೇತಿ. ಉಣ್ತಾಳೋ ಇಲ್ಲೋ, ಅತ್ತಿ ಹೆಂಗ ನೋಡ್ಕೋತಾಳೋ. ಒಬ್ರು ಹೋಗಿ ಮಾರಿ ನೋಡಿ ಬರಬೇಕು. ಬ್ಯಾರೆಯವ್ರು ಹೋದ್ರ ನನಗ ಬ್ಯಾಸರ ಆಗಬಾರದಂತ ಸುಳ್ಳ ಹೇಳ್ತಾರ. ಇವಗ ಸುಳ್ಳ ಹೇಳಾಕ ಬರಂಗಿಲ್ಲ."

ಮಾಸ್ತರರು ಟಿಕೆಟ್ಟು ಮಾಡಿಸಿದರು. ಹೋಗುವುದು ಒಂದು ದಿನ, ಬರುವುದು ಮರುದಿನ. ಕಾಲು ಮುರಿದ ನೀಲವ್ವನನ್ನು ಎರಡು ದಿನಕ್ಕಿಂತ ಹೆಚ್ಚು ಒಬ್ಬಳನ್ನೇ ಬಿಡುವಂತಿರಲಿಲ್ಲ.

"ದೂರ ಎಷ್ಟ್ರೀ?" ಅಂದಳು ನೀಲವ್ವ.

"ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಅಲ್ಲೀ ನಿಲ್ದಾಣಕ್ಕ, ಹಕ್ಕಿ ಹಾರಿದಂಗ ನೆಟ್ಟಗ ಹೋದ್ರ, ಎರಡೂವರಿ ಸಾವಿರ ಕಿಲೋಮೀಟರ್. ಆದ್ರ ವಿಮಾನ ನೆಟ್ಟಗ ಹೋಗಂಗಿಲ್ಲ. ದಿಲ್ಲಿಗೆ ಹೋಗಿ, ಅಲ್ಲಿ ಬ್ಯಾರೆ ವಿಮಾನ ಹತ್ತಿ, ಹೋಗಬೇಕು. ಎರಡೂ ಸೇರಿ ಗಾಳ್ಯಾಗ ಐದೂವರಿ ತಾಸು."

"ನಡಕೋತ ಹ್ವಾದ್ರ?"

ಮಾಸ್ತರರು ನಕ್ಕು, ಹಳೆಯ ಲೆಕ್ಕದಲ್ಲಿ ಹೇಳಿದರು. ಅದೇ ನೋಡು, ಆ ಮಾತು, ಮೂರು ಮೈಲಿಯದು. ಐನೂರು ಅದು. ದಿನಕ್ಕೆ ಐದು ನಡೆದರೂ ನೂರು ದಿನ.

"ಅಷ್ಟೊತ್ತಿಗೆ ಕೂಸು ಕಣ್ಣು ಬಿಟ್ಟಿರತೈತಿ," ಅಂದಳು ನೀಲವ್ವ. "ವಿಮಾನಾನ ಇರಲಿ."

ಇನ್ನೊಂದು ತೊಡಕಿತ್ತು. ಕುಬಸ ಹೊತ್ತು ಮುಳುಗುವುದರೊಳಗೆ ಆಗಬೇಕು. ನಮ್ಮ ಕಡೆ ಕಾರ್ತಿಕದಲ್ಲಿ ಆರು ಗಂಟೆಯ ತನಕ ಬಿಸಿಲು. ಅಲ್ಲಿ ನಾಲ್ಕೂ ಕಾಲಿಗೇ ಹೊತ್ತು ಮುಳುಗುತ್ತದೆ. ವಿಮಾನ ಇಳಿಯುವುದು ಮೂರು ಗಂಟೆಗೆ. ಅಲ್ಲಿಂದ ಮನೆಗೆ ಮುಕ್ಕಾಲು ತಾಸು. ನಡುವೆ ಉಳಿಯುವುದು ಅರ್ಧ ತಾಸು. ಗದಿಗೆಪ್ಪ ಎಲ್ಲಾದರೂ ಅರ್ಧ ತಾಸು ಬಾಗಿಲು ನೋಡುತ್ತಾ ನಿಂತರೆ ಮುಗಿಯಿತು.

ನೀಲವ್ವ ಮೊದಲು ಅವನನ್ನು ಪರೀಕ್ಷೆ ಮಾಡಿದಳು. "ಗದಿಗ್ಯಾ, ಅತ್ತಿ ಊರಿಗೆ ಹೋಗಿ ಹಸಿರು ಬಳಿ ತಗೊಂಡು ಬಾ. ಎರಡು ಎಲಿ ದೂರ. ಎರಡು ಎಲಿ ಹಾಕ್ಕೊಂಡು ಮುಗಸೋದ್ರಾಗ ಊರು ಬರತೈತಿ."

ಗದಿಗೆಪ್ಪ ಹೊರಗೆ ಹೋದ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಒಂದು ಎಲೆ ಹಾಕಿಕೊಂಡ, ಜಗಿದ, ಉಗುಳಿದ. ಎರಡನೆಯ ಎಲೆ ಹಾಕಿಕೊಂಡ, ಜಗಿದ, ಉಗುಳಿದ. ಊರು ಬಂತು ಅಂತ ಎದ್ದ. ಎದುರಿಗಿದ್ದ ಬಡಿಗೇರರ ಮನೆಗೆ ಹೊಕ್ಕ. "ಅತ್ತಿ, ಹಸಿರು ಬಳಿ ಕೊಡು," ಅಂದ.

ಬಡಿಗೇರರ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. "ನಾ ಯಾವಾಗ ನಿನಗ ಅತ್ತಿ ಆದ್ನೋ? ದಿನಾ ಚಿಗವ್ವ ಅಂತಿದ್ದಿ."

"ಎರಡು ಎಲಿ ಆತಲ್ಲ. ಇದು ಅತ್ತಿ ಊರು."

ಅವಳು ಅವನ ಕೈ ಹಿಡಿದುಕೊಂಡು ಬಂದು ನೀಲವ್ವನ ಮುಂದೆ ನಿಲ್ಲಿಸಿದಳು. ನೀಲವ್ವ ಮಲಗಿದ್ದಲ್ಲೇ ಬೈದಳು. "ಏ ಪೆದ್ದ, ಕುಂತ್ರ ಊರು ಬರತೈತೇನೋ? ನಡೀಬೇಕು. ಎಲ್ಲಿಗೆ ಹೊಂಟ್ರೂ ಊರು ಬರೋತನಕ ಕಾಲು ನಿಲ್ಲಸಬ್ಯಾಡ. ತಿಳೀತ?"

"ತಿಳೀತವ್ವ. ಕಾಲು ನಿಲ್ಲಸಂಗಿಲ್ಲ."

ಬಳೆಯನ್ನು ಬಡಿಗೇರರ ಹೆಂಡತಿಯೇ ಹೋಗಿ ತಂದಳು.

ಹೊರಡುವ ದಿನ ಬಂತು. ನೀಲವ್ವ ಗಂಟು ಕಟ್ಟಿದಳು. ಸೀರೆ, ಕುಬಸ, ಬಳೆ, ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಅಡಿಕೆ, ಎಲೆ. ಕೊಬ್ಬರಿ ಬಟ್ಟಲು ವಿಮಾನದಲ್ಲಿ ಬಿಡುವುದಿಲ್ಲ ಎಂದು ಮಾಸ್ತರರು ತೆಗೆಸಿದರು. "ದಾರ್ಯಾಗ ಒಂದು ಎಲೀನೂ ಬಾಯಿಗೆ ಹಾಕಬ್ಯಾಡ. ಎಲಿ ಎಷ್ಟದಾವೋ ಅಷ್ಟೂ ಉಡಿಗೆ ಹಾಕು," ಅಂದಳು ನೀಲವ್ವ. "ಹೊತ್ತು ಮುಳುಗೋದ್ರೊಳಗ ಉಡಿ ತುಂಬು. ಅಕ್ಕನ ಮಾರಿ ನೋಡು. ಹೆಂಗದಾಳಂತ ನನಗ ಬಂದು ಹೇಳು. ಫೋನಿನ್ಯಾಗ ಬ್ಯಾಡ, ಬಂದು ಹೇಳು."

ಬೆಳಗಿನ ಮೊದಲ ಬಸ್ಸು. ಬಸ್ಸು ಹೊರಟಿತು. ಗದಿಗೆಪ್ಪನೂ ಹೊರಟ. ಬಸ್ಸಿನ ಒಳಗೆ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ನಡೆದ. ಹಾಲಿನ ಕ್ಯಾನು ತುಳಿದ, ಒಬ್ಬಳ ಸೆರಗು ತುಳಿದ, ಒಬ್ಬ ಮುದುಕನ ಕಾಲು ತುಳಿದ. ನಡೆದ.

"ಏ ತಮ್ಮ, ಏನು ಕಳಕೊಂಡೀ?" ಅಂದ ಕಂಡಕ್ಟರ್.

"ಏನೂ ಕಳಕೊಂಡಿಲ್ರಿ. ಹುಬ್ಬಳ್ಳಿಗೆ ಹೊಂಟೀನಿ."

"ನಾವೂ ಹುಬ್ಬಳ್ಳಿಗೇ ಹೊಂಟೀವಿ. ಕುಂತು ಹೊಂಟೀವಿ."

"ಊರು ಬರೋತನಕ ಕಾಲು ನಿಲ್ಲಸಬ್ಯಾಡ ಅಂದಾಳ್ರಿ ಅವ್ವ."

ಬಸ್ಸೆಲ್ಲ ನಕ್ಕಿತು. ಕಾಲು ತುಳಿಸಿಕೊಂಡ ಮುದುಕ ಮಾತ್ರ ನಗಲಿಲ್ಲ. ಕಂಡಕ್ಟರ್ ಅವನ ಹೆಗಲು ಹಿಡಿದು ಕೂರಿಸಿದ. "ನೋಡು, ದುಡ್ಡು ಕೊಟ್ಟು ಹತ್ತಿದ ಮ್ಯಾಲೆ ನಡಿಯೋದು ನಿನ್ನ ಕೆಲಸ ಅಲ್ಲ. ಸೀಟ್ ಹಿಡಕೊಂಡು ಕುಂದ್ರು. ಯಾರು ಎಬ್ಬಿಸಿದ್ರೂ ಏಳಬ್ಯಾಡ. ಅದಾ ಒಯ್ತೈತಿ."

"ತಿಳೀತ್ರಿ. ಅದಾ ಒಯ್ತೈತಿ."

ಹುಬ್ಬಳ್ಳಿಯಲ್ಲಿ ಅವನು ಇಳಿದ, ಮಾಸ್ತರರು ಹೇಳಿಟ್ಟಿದ್ದ ಆಟೋದವನು ವಿಮಾನ ನಿಲ್ದಾಣಕ್ಕೆ ಮುಟ್ಟಿಸಿದ. ಗಂಟು ತೋರಿಸಿದ್ದಾಯಿತು, ಎರಡೂ ವಿಮಾನದ ಚೀಟಿ ತಗೊಂಡದ್ದಾಯಿತು. ಒಳಗೆ ಸಾಲಾಗಿ ಕುರ್ಚಿಗಳಿದ್ದವು. ಗದಿಗೆಪ್ಪ ಒಂದು ಕುರ್ಚಿಯಲ್ಲಿ ಕೂತ, ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡ. ಎಲ್ಲರೂ ಎದ್ದು ಹೋದರು, ಅವನು ಏಳಲಿಲ್ಲ. ಅವನ ಹೆಸರು ಕೂಗಿದರು, ಏಳಲಿಲ್ಲ. ಮತ್ತೊಮ್ಮೆ ಕೂಗಿದರು. ಕಡೆಗೆ ನಿಲ್ದಾಣದ ಹುಡುಗಿಯೊಬ್ಬಳು ಓಡಿ ಬಂದಳು.

"ನೀವು ಗದಿಗೆಪ್ಪನಾ? ಏಳ್ರಿ, ನಿಮ್ಮ ಸಲುವಾಗಿ ವಿಮಾನ ನಿಂತಿದೆ."

"ನಾ ಏಳಂಗಿಲ್ರಿ. ಇದಾ ಒಯ್ತೈತಿ."

"ಏನು ಒಯ್ತದೆ?"

"ಕುರ್ಚಿ."

ಹುಡುಗಿ ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು. "ಈ ಕುರ್ಚಿ ನಾನು ಕೆಲಸಕ್ಕೆ ಸೇರಿದಾಗಿನಿಂದ ಇಲ್ಲೇ ಇದೆ, ಅಣ್ಣಾರೆ. ಎಲ್ಲೂ ಹೋಗಿಲ್ಲ. ಹೋಗೋ ಕುರ್ಚಿ ವಿಮಾನದೊಳಗೆ ಇದೆ." ಅವನ ಕೈಯಲ್ಲಿ ಅಪ್ಪನ ಹಳೆಯ ಗಡಿಯಾರ ಕಂಡಳು. "ಗಡಿಯಾರ ನೋಡ್ಕೊಂಡು ಕೂಡ್ರಿ. ಎರಡು ತಾಸು ನಲವತ್ತು ನಿಮಿಷಕ್ಕೆ ದಿಲ್ಲಿ. ಆವಾಗ ಎದ್ದು ಇಳೀರಿ. ಆತಾ?"

"ಆತ್ರಿ."

ಕೈ ಹಿಡಿದು ಓಡಿಸಿಕೊಂಡು ಹೋಗಿ ಹತ್ತಿಸಿದಳು.

ಗದಿಗೆಪ್ಪ ಗಡಿಯಾರ ನೋಡಿದ. ಒಂದು ತಾಸಾಯಿತು. ಎರಡು ತಾಸಾಯಿತು. ಎರಡು ತಾಸು ನಲವತ್ತು ನಿಮಿಷವಾಯಿತು. ದಿಲ್ಲಿಯ ಮೇಲೆ ಮಂಜು ಮುಸುಕಿತ್ತು, ವಿಮಾನ ಮೇಲೆಯೇ ಸುತ್ತು ಹೊಡೆಯುತ್ತಿತ್ತು. ಗದಿಗೆಪ್ಪ ನಡುವಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ, ಗಂಟು ಹೆಗಲಿಗೆ ಹಾಕಿದ, ಬಾಗಿಲ ಮುಂದೆ ಹೋಗಿ ನಿಂತ.

"ಟೈಮ್ ಆತ್ರಿ. ಬಾಗಲಾ ತಗೀರಿ, ಇಳೀತೀನಿ."

ವಿಮಾನದ ಹುಡುಗಿಯರು ಗಾಬರಿಯಾಗಿ ಏನೇನೋ ಅಂದರು. ಅವನಿಗೆ ಅದು ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮುರಿಗೆಪ್ಪ ಕೂತಿದ್ದರು. ಅವರು ಎದ್ದು ಅವನ ಅಂಗಿ ಹಿಡಿದು ಎಳೆದರು.

"ಎಲ್ಲಿ ಇಳೀತಿಯೋ ಮಾರಾಯ? ಕೆಳಗ ನೆಲಾನ ಇಲ್ಲ."

"ಎರಡು ತಾಸು ನಲವತ್ತು ನಿಮಿಷ ಆತ್ರಿ. ದಿಲ್ಲಿ ಬಂದೈತಿ."

"ದಿಲ್ಲಿ ಬಂದೈತಿ, ನಾವು ಬಂದಿಲ್ಲ. ಕುಂದ್ರು." ಅವರು ಅವನನ್ನು ತಮ್ಮ ಹಿಂದಿನ ಸೀಟಿಗೆ ತುರುಕಿ ಪಟ್ಟಿ ಕಟ್ಟಿದರು. "ಗಡಿಯಾರ ತಗದು ಕಿಸೇದಾಗ ಹಾಕು. ನನ್ನ ನೋಡು. ನಾ ಎದ್ದಾಗ ಏಳು, ನಾ ಹೋದಲ್ಲಿ ಬಾ. ಅಷ್ಟ ಮಾಡು ಸಾಕು."

"ಅಷ್ಟ ಮಾಡ್ತೀನ್ರಿ."

ವಿಮಾನ ಇಳಿಯಿತು. ಮುರಿಗೆಪ್ಪ ಎದ್ದರು, ಗದಿಗೆಪ್ಪ ಎದ್ದ. ಮುರಿಗೆಪ್ಪ ನಡೆದರು, ಗದಿಗೆಪ್ಪ ನಡೆದ. ಮುರಿಗೆಪ್ಪ ಕಕ್ಕಸಿಗೆ ಹೋದರು, ಗದಿಗೆಪ್ಪ ಬಾಗಿಲಿಗೆ ಮೂಗು ಹಚ್ಚಿ ನಿಂತ. ಮುರಿಗೆಪ್ಪ ಹೊರಗೆ ಬಂದು ಟ್ಯಾಕ್ಸಿ ಹತ್ತಿದರು. ಆ ಕಡೆಯ ಬಾಗಿಲು ತೆಗೆದು ಗದಿಗೆಪ್ಪನೂ ಹತ್ತಿದ. ಟ್ಯಾಕ್ಸಿ ಹೊರಟಿತು. ಮುರಿಗೆಪ್ಪ ಫೋನಿನಲ್ಲಿ ಮೆಣಸಿನಕಾಯಿಯ ಧಾರಣೆ ಮಾತಾಡಿ ಮುಗಿಸಿ, ತಿರುಗಿ ನೋಡಿದರು.

"ಏ ನೀ ಎಲ್ಲಿ?"

"ನಾ ಹೋದಲ್ಲಿ ಬಾ ಅಂದ್ರಲ್ರೀ."

"ನಿನ್ನ ಊರು ಯಾವುದೋ? ಚೀಟಿ ತೋರ್ಸು." ಚೀಟಿ ಕಿತ್ತುಕೊಂಡು ಓದಿದರು. "ದಿಬ್ರುಗಡ. ಹನ್ನೆರಡೂ ಕಾಲಿಗೆ. ಈಗ ಹನ್ನೊಂದೂ ಹತ್ತು. ನಾ ನಿನ್ನ ಎಲ್ಲಿಗೆ ಕರಕೊಂಡು ಹೊಂಟಿದ್ದೆ, ಶಿವನ." ಟ್ಯಾಕ್ಸಿ ತಿರುಗಿಸಿದರು. ದಾರಿಯುದ್ದಕ್ಕೂ ಬೈದರು. ಬೈಯುತ್ತಲೇ ಗಂಟಿನಲ್ಲಿ ಏನಿದೆ ಎಂದು ಕೇಳಿದರು. ಅಕ್ಕನ ಉಡಿ ಅಂದ ಗದಿಗೆಪ್ಪ, ಹೊತ್ತು ಮುಳುಗುವುದರೊಳಗೆ ತುಂಬಬೇಕು ಅಂದ. ಮುರಿಗೆಪ್ಪ ಬೈಯುವುದು ನಿಲ್ಲಿಸಿದರು. ಇನ್ನೂ ಜೋರಾಗಿ ಓಡಿಸು ಎಂದು ಡ್ರೈವರನಿಗೆ ಹೇಳಿದರು.

ನಿಲ್ದಾಣದ ಬಾಗಿಲಲ್ಲಿ ಅವನ ಎರಡೂ ಹೆಗಲು ಹಿಡಿದು ಹೇಳಿದರು. "ಕೇಳು. ಇನ್ನ ಮ್ಯಾಲೆ ಯಾರ ಹಿಂದೂ ಹೋಗಬ್ಯಾಡ. ಇಲ್ಲಿ ನಿನ್ನ ಮಾತು ಯಾರಿಗೂ ತಿಳಿಯಂಗಿಲ್ಲ, ಬಾಯಿ ಬಿಚ್ಚಬ್ಯಾಡ. ಯಾರು ಏನು ಕೇಳಿದ್ರೂ ಚೀಟಿ ತೋರ್ಸು. ಅವ್ರು ಕೈ ತೋರ್ಸಿದ ಕಡೆ ಹೋಗು."

ಗದಿಗೆಪ್ಪ ಚೀಟಿ ತೋರಿಸಿದ.

"ನನಗಲ್ಲೋ. ಅವ್ರಿಗೆ."

ಮುರಿಗೆಪ್ಪನ ಬುದ್ಧಿ ಬಹಳ ದೂರ ನಡೆಯಿತು. ಒಬ್ಬ ಕೇಳಿದ, ಚೀಟಿ ತೋರಿಸಿದ, ಅವನು ಅತ್ತ ಕೈ ತೋರಿಸಿದ. ಇನ್ನೊಬ್ಬಳು ಕೇಳಿದಳು, ಚೀಟಿ ತೋರಿಸಿದ, ಅವಳು ಇತ್ತ ಕೈ ತೋರಿಸಿದಳು. ಹನ್ನೆರಡೂ ಕಾಲಿಗೆ ಗದಿಗೆಪ್ಪ ದಿಬ್ರುಗಡದ ವಿಮಾನದಲ್ಲಿದ್ದ. ನೀರು ಬೇಕೇ ಎಂದು ಕೇಳಿದರು, ಚೀಟಿ ತೋರಿಸಿದ. ಊಟ ಬೇಕೇ ಎಂದು ಕೇಳಿದರು, ಚೀಟಿ ತೋರಿಸಿದ. ಪಕ್ಕದವನು ಹೆಸರು ಕೇಳಿದ, ಅವನಿಗೂ ತೋರಿಸಿದ. ಉಪವಾಸವೇ ಹೋದ. ಆದರೆ ಹೋದ.

ಮೂರು ಗಂಟೆ ಐದು ನಿಮಿಷ. ವಿಮಾನ ಇಳಿಯಿತು. ಎಲ್ಲರೂ ಒಬ್ಬರ ಹಿಂದೊಬ್ಬರು ಇಳಿದರು. ಗದಿಗೆಪ್ಪ ಕೂತೇ ಇದ್ದ. ಯಾರ ಹಿಂದೂ ಹೋಗಬೇಡ ಅಂದಿದ್ದಾರಲ್ಲ. ವಿಮಾನ ಖಾಲಿಯಾಯಿತು. ಹುಡುಗಿಯರು ಬಂದರು, ಚೀಟಿ ತೋರಿಸಿದ. ಬಾಗಿಲ ಕಡೆ ಕೈ ತೋರಿಸಿದರು, ಎದ್ದ. ಒಬ್ಬಳು ದಾರಿ ತೋರಿಸಲೆಂದು ಮುಂದೆ ನಡೆದಳು, ಅವನು ನಿಂತುಬಿಟ್ಟ. ಒಬ್ಬ ಅಧಿಕಾರಿ ಬಂದ, ಅವನು ಮುಂದೆ ನಡೆದ, ಗದಿಗೆಪ್ಪ ನಿಂತುಬಿಟ್ಟ. ಗಡಿಯಾರ ಕಿಸೆಯಲ್ಲಿ ಓಡುತ್ತಲೇ ಇತ್ತು. ಮೂರೂ ಕಾಲು. ಮೂರೂ ಇಪ್ಪತ್ತು. ಕಡೆಗೆ ಅವರೆಲ್ಲ ಸೋತು ಅವನ ಹಿಂದೆ ನಿಂತರು. ಆಗ ಗದಿಗೆಪ್ಪ ಹೊರಟ.

ಹೊರಗೆ ರಾಚಪ್ಪ ಜೀಪಿನ ಹತ್ತಿರ ಕಾಲು ಸುಟ್ಟ ಬೆಕ್ಕಿನಂತೆ ತಿರುಗಾಡುತ್ತಿದ್ದ. ನೋಡುತ್ತಾನೆ, ಹೆಗಲ ಮೇಲೆ ಗಂಟು ಹೊತ್ತ ಭಾವಮೈದುನ ಮುಂದೆ, ನಿಲ್ದಾಣದ ಆರು ಮಂದಿ ಅವನ ಹಿಂದೆ.

"ಯಾರಿವ್ರು?" ಅಂದ ರಾಚಪ್ಪ.

ಗದಿಗೆಪ್ಪ ಚೀಟಿ ತೋರಿಸಿದ.

ಜೀಪು ಓಡಿತು. ಚಹಾ ತೋಟಗಳ ಮೇಲೆ ಬಿಸಿಲು ಹಳದಿಯಾಗಿ ಉದ್ದವಾಗಿ ಬಿದ್ದಿತ್ತು. "ಅತ್ತಿ ಕಾಲು ಹೆಂಗೈತಿ?" ಚೀಟಿ ತೋರಿಸಿದ. "ಉಂಡೀಯೋ ಇಲ್ಲೋ?" ಚೀಟಿ ತೋರಿಸಿದ. "ಗಂಟಲು ಹಿಡದೈತೇನು?" ಚೀಟಿ ತೋರಿಸಿದ. ರಾಚಪ್ಪ ಕೇಳುವುದು ಬಿಟ್ಟು ಗಾಡಿ ಓಡಿಸಿದ.

ಮನೆಯಲ್ಲಿ ಕಾಶವ್ವ ಮಣೆಯ ಮೇಲೆ ಕೂತಿದ್ದಳು. ಕೈಗೆ, ಕೆನ್ನೆಗೆ ಅರಿಶಿಣ ಹಚ್ಚಿದ್ದರು. ಉಡಿ ಖಾಲಿ. ನೆರೆಮನೆಯ ಹೆಂಗಸರು ತಟ್ಟೆ ಹಿಡಿದುಕೊಂಡು ಕಾಯುತ್ತಿದ್ದರು. ಅತ್ತೆ ಒಮ್ಮೆ ಕಿಟಕಿ, ಒಮ್ಮೆ ಬಾಗಿಲು ನೋಡುತ್ತಿದ್ದಳು.

"ನಿಮ್ಮ ತವರಿನವ್ರು ಹಿಂಗ. ಮದವಿಗೂ ತಡಾ, ಕುಬಸಕ್ಕೂ ತಡಾ. ಇಷ್ಟು ಮಂದಿ ಮುಂದ ನನ್ನ ಸೊಸಿ ಬರೇ ಉಡೀಲೆ ಕುಂತಾಳಲ್ಲ, ನನಗ ನೋಡಾಕ ಆಗವಲ್ದು," ಅಂದಳು ಅತ್ತೆ.

ಕಾಶವ್ವ ತಲೆ ಬಗ್ಗಿಸಿ ಕೂತಿದ್ದಳು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

ಬಾಗಿಲಲ್ಲಿ ಗದಿಗೆಪ್ಪ ನಿಂತ.

"ಅಂತೂ ಬಂದ್ಯಾ ತಮ್ಮಾ? ಯಾಕಿಷ್ಟು ತಡಾ?" ಅಂದಳು ಅತ್ತೆ.

ಚೀಟಿ ತೋರಿಸಿದ.

"ಏನಿದು?"

ಇನ್ನೂ ಹತ್ತಿರ ಹಿಡಿದು ತೋರಿಸಿದ.

ಕಾಶವ್ವ ತಲೆ ಎತ್ತಿದಳು. ಅವಳಿಗೆ ತನ್ನ ತಮ್ಮ ಗೊತ್ತಿಲ್ಲವೇ. ದಾರಿಯಲ್ಲಿ ಯಾರು ಏನು ಹೇಳಿರಬಹುದು, ಇವನು ಏನು ಮಾಡಿರಬಹುದು, ಎಲ್ಲ ಅವಳಿಗೆ ಕಣ್ಣಿಗೆ ಕಟ್ಟಿತು. ಮೊದಲು ತುಟಿ ಕಚ್ಚಿದಳು, ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಮೊದಲು ಮುಖ ಗಂಟು ಹಾಕಿದಳು. ಬಂದಾಗಿನಿಂದ ಸೊಸೆ ಹೀಗೆ ನಕ್ಕದ್ದನ್ನು ಕಂಡಿರಲಿಲ್ಲ, ಆಮೇಲೆ ತಾನೂ ನಕ್ಕಳು. ಕಾಶವ್ವ ಅರಿಶಿಣದ ಕೈ ಚಾಚಿ ಅವನ ಕೈಯಿಂದ ಚೀಟಿ ಕಿತ್ತುಕೊಂಡು, ಗಟ್ಟಿಯಾಗಿ ಹಿಡಿದು ನೋಡಿದಳು. "ಸರಿ, ನೋಡ್ದೆ. ನನ್ನ ತಮ್ಮ ಇಂವ. ಉಡಿ ತುಂಬೋ," ಅಂದು ವಾಪಸು ಕೊಟ್ಟಳು.

ಗದಿಗೆಪ್ಪ ಗಂಟು ಬಿಚ್ಚಿದ. ಸೀರೆ, ಕುಬಸ, ಬಳೆ ಕೊಟ್ಟ. ಅಕ್ಕಿ ಹಾಕಿದ, ಉತ್ತತ್ತಿ ಹಾಕಿದ, ಅರಿಶಿಣ ಕೊಂಬು ಹಾಕಿದ, ಅಡಿಕೆ ಹಾಕಿದ. ಎಲೆ ಎಷ್ಟಿದ್ದವೋ ಅಷ್ಟೂ ಹಾಕಿದ, ತನ್ನ ಸಂಚಿಯಲ್ಲಿದ್ದ ಎಲೆಯನ್ನೂ ಹಾಕಿದ. ಕಡೆಯ ಎಲೆ ಉಡಿಗೆ ಬಿದ್ದಾಗ ಕಿಟಕಿಯಲ್ಲಿ ಹೊತ್ತು ಇನ್ನೂ ಒಂದು ಬೆರಳು ಉಳಿದಿತ್ತು.

ಅಕ್ಕನ ಮುಖವನ್ನು ಚೆನ್ನಾಗಿ ನೋಡಿದ. ಅತ್ತೆ ತನ್ನ ಕೈಯಿಂದಲೇ ಸೊಸೆಗೆ ತುತ್ತು ಮಾಡಿ ಇಡುವುದನ್ನೂ ನೋಡಿದ. ಮರುದಿನ ಹೊರಟ. ಬರುವಾಗ ಅವನಿಗೆ ಒಂದು ತೊಂದರೆಯೂ ಆಗಲಿಲ್ಲ. ಎಲ್ಲರಿಗಿಂತ ಕಡೆಗೆ ಇಳಿದ, ಬರುವಾಗ ಸಿಕ್ಕ ಇನ್ನೆರಡು ಚೀಟಿಯನ್ನೂ ಎಲ್ಲ ನಿಲ್ದಾಣಗಳಲ್ಲಿ ತೋರಿಸಿದ.

ನೀಲವ್ವ ಎರಡು ದಿನದಿಂದ ಬಾಗಿಲನ್ನೇ ನೋಡುತ್ತಿದ್ದಳು. ಅವನು ಒಳಗೆ ಕಾಲಿಟ್ಟ ಕೂಡಲೇ ಕೇಳಿದಳು. "ಹೆಂಗದಾಳೋ ನನ್ನ ಮಗಳು?"

ಗದಿಗೆಪ್ಪ ಕಿಸೆಯಿಂದ ಚೀಟಿ ತೆಗೆದು ತೋರಿಸಿದ.

"ಇದೇನು? ಮಾರಿ ಹೆಂಗೈತಿ ಹೇಳು." ಚೀಟಿಯನ್ನು ಕಿತ್ತುಕೊಂಡಳು. ಅವನು ಎರಡನೆಯ ಚೀಟಿ ತೋರಿಸಿದ.

"ಉಣ್ತಾಳೋ ಇಲ್ಲೋ?" ಅದನ್ನೂ ಕಿತ್ತುಕೊಂಡಳು. ಮೂರನೆಯ ಚೀಟಿ ತೋರಿಸಿದ.

ನೀಲವ್ವನಿಗೆ ಅಳು ಬಂತು. "ಐನೂರು ಹೋಗಿ, ಐನೂರು ಬಂದು, ಇಷ್ಟ ತಂದ್ಯಾ? ಒಂದು ಮಾತು ತರಾಕ ಕಳಿಸಿದ್ನಲ್ಲೋ ನಿನ್ನ." ಮೂರನೆಯದನ್ನೂ ಕಿತ್ತುಕೊಂಡಳು.

ಅವನು ನಾಲ್ಕನೆಯ ಚೀಟಿ ತೋರಿಸಿದ. ಅದು ಹಳದಿಯಾಗಿತ್ತು.

ನೀಲವ್ವ ಅದನ್ನು ಬೆಳಕಿಗೆ ಹಿಡಿದಳು. ಒಂದು ಮಗ್ಗುಲಿಗೆ ಹೆಬ್ಬೆರಳು, ಇನ್ನೊಂದು ಮಗ್ಗುಲಿಗೆ ನಾಲ್ಕು ಬೆರಳು, ಅರಿಶಿಣದಲ್ಲಿ. ಗಟ್ಟಿಯಾಗಿ ಒತ್ತಿದ ಬೆರಳು. ಮದುವೆಯಲ್ಲಿ ಬಳೆ ಇಡಿಸುವಾಗ ಕಾಶವ್ವನ ಬೆರಳು ಕಸಬರಿಗೆಯ ಹಂಚಿಕಡ್ಡಿಯಂತೆ ತೆಳ್ಳಗಿದ್ದವು. ನೀಲವ್ವ ಆ ಹೆಬ್ಬೆರಳಿನ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ತನ್ನದಕ್ಕಿಂತ ಅಗಲವಾಗಿತ್ತು.

"ಕೈ ತುಂಬಿಕೊಂಡೈತಿ," ಅಂದಳು. ಮತ್ತೆ ನೋಡಿದಳು. "ಉಣ್ತಾಳ."

ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಗದಿಗೆಪ್ಪನ ಕೈಯಲ್ಲಿ ಈಗ ಒಂದೂ ಚೀಟಿ ಇರಲಿಲ್ಲ. ಬಾಯಿ ಬಿಚ್ಚದೆ ಬೇರೆ ದಾರಿಯಿರಲಿಲ್ಲ.

"ಹಸದೀನವ್ವಾ," ಅಂದ.

ರೊಟ್ಟಿ ಹಾಕಿದಳು. ಅವನು ಉಂಡ ಮೇಲೆ ಮೆಲ್ಲಗೆ ಕೇಳಿದಳು. "ಭಾಳ ದೂರ ಏನೋ ಅಕ್ಕನ ಊರು? ಎಷ್ಟು ಎಲಿ ಆದೀತು?"

ಗದಿಗೆಪ್ಪ ಖಾಲಿ ಸಂಚಿ ಬಿಚ್ಚಿ ತೋರಿಸಿದ. "ಹೆಂಗ ಹೇಳ್ಲಿ? ದಾರ್ಯಾಗ ಎಲಿ ಹಾಕಬ್ಯಾಡ ಅಂದಿದ್ದಿ. ಇದ್ದಷ್ಟೂ ಉಡಿಗೆ ಹಾಕ್ದೆ. ತಡಿ, ಅಳದು ಹೇಳ್ತೀನಿ."

ನಾಗಂದಿಗೆಯ ಮೇಲಿದ್ದ ಎಲೆಯ ಕಟ್ಟನ್ನು ಪೂರ್ತಿ ಎತ್ತಿಕೊಂಡ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಒಂದು ಎಲೆ ಹಾಕಿಕೊಂಡ, ಜಗಿದ, ಉಗುಳಿದ. ಎರಡನೆಯದು ಹಾಕಿಕೊಂಡ, ಜಗಿದ, ಉಗುಳಿದ. ಎದುರು ಮನೆಯ ಬಡಿಗೇರರ ಹೆಂಡತಿ ನೋಡಿದಳು, ಬಾಗಿಲು ಹಾಕಿಕೊಂಡಳು.

ನೀಲವ್ವ ಕೋಲು ಊರಿಕೊಂಡು, ಪಟ್ಟಿ ಕಟ್ಟಿದ ಕಾಲು ಎಳೆದುಕೊಂಡು ಹೊರಗೆ ಬಂದಳು. ಬೈಯುತ್ತಾಳೆ ಅಂತ ಗದಿಗೆಪ್ಪ ತಲೆ ತಗ್ಗಿಸಿದ. ಅವಳು ಬೈಯಲಿಲ್ಲ. ಅವನ ಮಗ್ಗುಲಿಗೆ ಕಟ್ಟೆಯ ಮೇಲೆ ಕೂತಳು. ಕಾಲು ನೆಟ್ಟಗೆ ಚಾಚಿದಳು.

"ಎಷ್ಟನೇ ಎಲಿ?" ಅಂದಳು.

"ಐದು. ಇನ್ನೂ ಊರು ಬಂದಿಲ್ಲ."

"ನನಗೂ ಒಂದು ಮಡಚಿ ಕೊಡೋ," ಅಂದಳು ನೀಲವ್ವ. "ನಾನೂ ಬರ್ತೀನಿ."

ಇಬ್ಬರೂ ಜಗಿಯುತ್ತಾ ಕೂತರು. ಆವತ್ತು ಸಂಜೆಯ ತನಕ ಕೂತರು. ಎಷ್ಟು ಎಲೆ ಹಾಕಿದರೋ, ಎಲ್ಲಿಯ ತನಕ ಹೋದರೋ. ಐನೂರು ದಾರಿ ಅಂದರೆ ಸುಮ್ಮನೆಯೇ, ಐನೂರು...

ಹರದಾರಿ.

ಹರದಾರಿ, ಅದೇ ಮಾತು. ಬಂತು ನೋಡು, ಬಂತು. ಐನೂರು ಹರದಾರಿ. ಏಳು ಮಗಾ, ಬೇಗ ಒಂದು ಕಾಗದ ತಾ, ಮತ್ತೆ ಹೋಗಿಬಿಡುತ್ತದೆ. ಬರೆದುಕೋ. ಕನ್ನಡ ಅಕ್ಷರ ಬರದಿದ್ದರೆ ಬೇಡ, ನಿನಗೆ ಯಾವ ಅಕ್ಷರ ಬರುತ್ತದೋ ಅದರಲ್ಲೇ ಬರಿ.